ಸೇರು, ಗೂಟ, ಪತ್ರಾಸಿನ ತೂತು

ಪತ್ರಾಸ್ ಹೊದಿಸಿದ ಮನೆಯಲ್ಲಿ ಮೊಳೆ ಕಿತ್ತಲ್ಲಿ ಸಣ್ಣ ತೂತು ಉಳಿದಿರುತ್ತದೆ. ಮಳೆಗಾಲದಲ್ಲಿ ಅದರ ಕೆಳಗೆ ಬೋಗುಣಿ ಇಡುತ್ತಾರೆ, ಬೇಸಿಗೆಯಲ್ಲಿ ಮರೆತುಬಿಡುತ್ತಾರೆ. ನೋಡಬೇಕಾದದ್ದು ಬೇಸಿಗೆಯಲ್ಲೇ. ಹೊತ್ತೇರಿದ ಮೇಲೆ ಆ ತೂತಿನಿಂದ ಬಿಸಿಲಕೋಲೊಂದು ಇಳಿದು ನೆಲದ ಮೇಲೆ ನಾಣ್ಯದಗಲದ ಬೆಳಕಿನ ಬಿಲ್ಲೆ ಬೀಳುತ್ತದೆ. ತೂತು ಚೌಕವಿರಲಿ, ಹರಿದು ಮೂರು ಮೂಲೆಯಾಗಿರಲಿ, ಬಿಲ್ಲೆ ಮಾತ್ರ ಗುಂಡಗೆ. ಏಕೆಂದರೆ ಅದು ತೂತಿನ ಆಕಾರವಲ್ಲ, ಸೂರ್ಯನ ಚಿತ್ರ.

ಬಿಸಿಲಕೋಲಿಗೆ ನೇರ ಎದುರಾಗಿ ಒಂದು ರಟ್ಟು ಹಿಡಿಯಬೇಕು. ಓರೆ ಹಿಡಿದರೆ ಬಿಲ್ಲೆ ಮೊಟ್ಟೆಯಾಕಾರಕ್ಕೆ ಎಳೆದುಕೊಳ್ಳುತ್ತದೆ. ಅಕ್ಕನೋ ತಮ್ಮನೋ ಪಟ್ಟಿ ಇಟ್ಟು ಬಿಲ್ಲೆಯ ಅಗಲ ಅಳೆಯಲಿ. ಆಮೇಲೆ ತೂತಿನಿಂದ ರಟ್ಟಿನವರೆಗೆ ದಾರ ಹಿಡಿದು ದೂರ ಅಳೆಯಲಿ. ದೂರ 320 ಸೆಂಟಿಮೀಟರ್ ಇದ್ದರೆ ಬಿಲ್ಲೆ ಸುಮಾರು 3 ಸೆಂಟಿಮೀಟರ್ ಬರುತ್ತದೆ. ಸೂರ್ಯ ಇರುವುದು ಸುಮಾರು 15 ಕೋಟಿ ಕಿಲೋಮೀಟರ್ ದೂರದಲ್ಲಿ. ಬಿಲ್ಲೆಗೂ ರಟ್ಟಿನ ದೂರಕ್ಕೂ ಯಾವ ಅನುಪಾತವೋ, ಸೂರ್ಯನ ಅಗಲಕ್ಕೂ ಅದರ ದೂರಕ್ಕೂ ಅದೇ ಅನುಪಾತ. ಮೂರನ್ನು 320ರಿಂದ ಭಾಗಿಸಿ 15 ಕೋಟಿಯಿಂದ ಗುಣಿಸಿದರೆ 14 ಲಕ್ಷ ಕಿಲೋಮೀಟರ್ ಚಿಲ್ಲರೆ. ಪುಸ್ತಕದಲ್ಲಿರುವ ಸೂರ್ಯನ ವ್ಯಾಸ ಸುಮಾರು 13.9 ಲಕ್ಷ ಕಿಲೋಮೀಟರ್. ಏಳನೆಯ ತರಗತಿಯ ತ್ರೈರಾಶಿ ಗೊತ್ತಿದ್ದರೆ ಸಾಕು. ತೂತು ಆದಷ್ಟು ಸಣ್ಣದಿರಬೇಕು, ಕಣ್ಣು ಮಾತ್ರ ಯಾವಾಗಲೂ ರಟ್ಟಿನ ಮೇಲಿರಬೇಕು; ತೂತಿನ ಮೂಲಕ ಸೂರ್ಯನನ್ನು ಇಣುಕುವ ಆಟ ಬೇಡ.

1980ರ ಫೆಬ್ರುವರಿ 16ರ ಮಧ್ಯಾಹ್ನ ಪೂರ್ಣ ಸೂರ್ಯಗ್ರಹಣದ ನೆರಳು ಅರಬ್ಬಿ ಸಮುದ್ರದಿಂದ ಬಂದು ಉತ್ತರ ಕರ್ನಾಟಕದ ಮೇಲೆ ಹಾದುಹೋಯಿತು. ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ವಿಜ್ಞಾನಿಗಳು ದೂರದರ್ಶಕ ಹೂಡಿ ಕುಳಿತಿದ್ದರೆ ಊರೂರುಗಳಲ್ಲಿ ಜನ ಬಾಗಿಲು ಹಾಕಿಕೊಂಡು ಒಳಗೆ ಕುಳಿತಿದ್ದರು. ತಮಾಷೆಯೆಂದರೆ, ಗ್ರಹಣ ನೋಡಬಾರದೆಂದು ಒಳಗಿದ್ದವರ ಮನೆಯಲ್ಲಿ ಇಂಥದೊಂದು ತೂತಿದ್ದಿದ್ದರೆ ಗ್ರಹಣ ಅವರ ನೆಲದ ಮೇಲೆಯೇ ನಡೆದಿರುತ್ತದೆ: ಗುಂಡನೆಯ ಬಿಲ್ಲೆ ಕುಡಗೋಲಿನಂತೆ ಬಾಗುತ್ತಾ ಬಾಗುತ್ತಾ ಹೋಗಿರುತ್ತದೆ.

ಮನೆಯಲ್ಲಿ ಮಾಡಿ ಕಲಿಯುವ ವಿಜ್ಞಾನ ಎಂದರೆ ಬಹಳ ಜನರಿಗೆ ನೆನಪಾಗುವುದು ಥರ್ಮಾಕೋಲಿನ ಜ್ವಾಲಾಮುಖಿ. ಅಡುಗೆ ಸೋಡಾಕ್ಕೆ ಹುಳಿ ಸುರಿದರೆ ಕೆಂಪು ಬಣ್ಣದ ನೊರೆ ಉಕ್ಕುತ್ತದೆ, ನೋಡಿದವರು ಚಪ್ಪಾಳೆ ತಟ್ಟುತ್ತಾರೆ, ಅಪ್ಪ ಫೋಟೊ ತೆಗೆಯುತ್ತಾರೆ. ಜೊತೆಗೆ ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಸೌರಮಂಡಲ, ಮಳೆನೀರು ಸಂಗ್ರಹದ ಮಾದರಿ, ಗುಂಡಿ ಒತ್ತಿದರೆ ತಿರುಗುವ ಗಾಳಿಯಂತ್ರ. ಇವುಗಳಿಂದ ಕೆಡುಕೇನೂ ಇಲ್ಲ. ಆದರೆ ಇದೆಲ್ಲ ತೋರಿಸುವ ವಿಜ್ಞಾನ. ಒಂದು ಚಮಚ ಸೋಡಾಕ್ಕೆ ಎಷ್ಟು ಹುಳಿ ಹಾಕುವವರೆಗೆ ನೊರೆ ಬರುತ್ತದೆ, ಎಲ್ಲಿ ನಿಲ್ಲುತ್ತದೆ, ಬಾಟಲಿಯ ಬಾಯಿಗೆ ಸಿಕ್ಕಿಸಿದ ಫುಗ್ಗಿ ಎಷ್ಟು ದಪ್ಪವಾಗುತ್ತದೆ ಎಂದು ಬರೆದಿಟ್ಟುಕೊಂಡರೆ ಅದೇ ನೊರೆ ರಸಾಯನಶಾಸ್ತ್ರವಾಗುತ್ತದೆ. ನನ್ನ ವಾದ ಇಷ್ಟೇ: ಮನೆಯಲ್ಲಿ ವಿಜ್ಞಾನ ಕಲಿಯಲು ಕೊಳ್ಳಬೇಕಾದ್ದು ಬಹಳ ಕಡಿಮೆ. ಅಳೆಯುವ, ಅಳೆದದ್ದನ್ನು ಬರೆಯುವ, ಬರೆದದ್ದನ್ನು ಅನುಮಾನಿಸುವ ರೂಢಿಯೊಂದೇ ಕೊರತೆ. ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡದಂಥ ಕಡೆ ಮಿಕ್ಕದ್ದೆಲ್ಲ ಹೊಲ, ಅಂಗಳ, ಅಟ್ಟದ ಮೇಲೆ ಬಿದ್ದುಕೊಂಡಿದೆ.

ಮನೆಯೇ ಶಾಲೆಯಾದ ಕಾಲವೊಂದು ಇತ್ತೀಚೆಗೇ ಬಂದುಹೋಯಿತು. ಕೊರೊನಾದಿಂದ ಶಾಲೆ ಮುಚ್ಚಿದಾಗ ರಾಜ್ಯ ಸರ್ಕಾರ ಚಂದನ ವಾಹಿನಿಯಲ್ಲಿ ಪಾಠ ಬಿತ್ತರಿಸಿತು. 2020ರ ಆಗಸ್ಟ್‌ನಲ್ಲಿ ‘ವಿದ್ಯಾಗಮ’ ಶುರುವಾಯಿತು. ಮೇಷ್ಟ್ರುಗಳೇ ಓಣಿಗೆ ಬಂದು ಗುಡಿಯ ಕಟ್ಟೆ, ಸಮುದಾಯ ಭವನ, ಮರದ ನೆರಳುಗಳಲ್ಲಿ ಪಾಠ ಹೇಳಿದರು. ಮಕ್ಕಳನ್ನು ಫೋನ್ ಇಲ್ಲದವರು, ಇಂಟರ್‌ನೆಟ್ ಇಲ್ಲದ ಫೋನಿನವರು, ಸ್ಮಾರ್ಟ್‌ಫೋನಿನವರು ಎಂದು ವಿಂಗಡಿಸಿದ್ದರು. ಸೋಂಕಿನ ಭಯಕ್ಕೆ ಅಕ್ಟೋಬರ್‌ನಲ್ಲಿ ನಿಂತು, 2021ರ ಜನವರಿಯಲ್ಲಿ ಅದು ಮತ್ತೆ ಶುರುವಾಯಿತು. ಆ ದಿನಗಳ ಬಗ್ಗೆ ಮಾತಾಡುವಾಗೆಲ್ಲ ಫೋನಿನ ಕೊರತೆಯ ಲೆಕ್ಕ ಬರುತ್ತದೆ, ಬರಬೇಕಾದ್ದೇ. ಆದರೆ ಗುಡಿಯ ಕಟ್ಟೆಯ ಮೇಲೆ ಕೂತ ಆ ತರಗತಿಗೆ ಆಕಾಶವಿತ್ತು, ಮಣ್ಣಿತ್ತು, ನೆರಳಿತ್ತು. ಬಹಳ ಕಡೆ ಅಲ್ಲಿಯೂ ಓದಿ ಬರೆಸಿದ್ದು ಪಠ್ಯಪುಸ್ತಕವನ್ನೇ. ಅದಕ್ಕೆ ಮೇಷ್ಟ್ರನ್ನು ದೂರಿ ಫಲವಿಲ್ಲ. ಪರೀಕ್ಷೆ ಕೇಳುವುದು ಅದನ್ನೇ.

ನೆರಳಿನ ಮಾತು ಬಂತಲ್ಲ, ಅದನ್ನೇ ಹಿಡಿಯೋಣ. ರೋಣ, ನರಗುಂದ, ಗಜೇಂದ್ರಗಡ ಮೂರೂ ನಕ್ಷೆಯಲ್ಲಿ ಹೆಚ್ಚುಕಡಿಮೆ ಒಂದೇ ಅಡ್ಡಗೆರೆಯ ಮೇಲಿವೆ. ಅಕ್ಷಾಂಶ ಸುಮಾರು 15.7 ಡಿಗ್ರಿ ಉತ್ತರ. ಸೂರ್ಯ ಉತ್ತರಕ್ಕೆ ಸರಿಯುವಾಗ ಒಮ್ಮೆ, ದಕ್ಷಿಣಕ್ಕೆ ಮರಳುವಾಗ ಒಮ್ಮೆ ಈ ಗೆರೆಯ ನೆತ್ತಿಯ ಮೇಲೆಯೇ ಹಾದುಹೋಗುತ್ತಾನೆ. ಮೊದಲನೆಯದು ಮೇ 3ರ ಆಸುಪಾಸು, ಎರಡನೆಯದು ಆಗಸ್ಟ್ 9ರ ಆಸುಪಾಸು. ಆ ದಿನ ನಡುಹಗಲಲ್ಲಿ ನೆಟ್ಟಗೆ ನಿಂತ ಗೂಟಕ್ಕೆ ನೆರಳಿಲ್ಲ. ಆಗಸ್ಟ್‌ನಲ್ಲಿ ಮೋಡ ಕಾಡುತ್ತದೆ. ಮೇ 3ಕ್ಕೆ ಆಕಾಶ ಬಹುಪಾಲು ತಿಳಿಯಾಗಿರುತ್ತದೆ, ಆದರೆ ಶಾಲೆಗೆ ಬೇಸಿಗೆ ರಜೆ. ಹಾಗಾಗಿ ನಮ್ಮ ಭಾಗದ ಅತ್ಯುತ್ತಮ ಖಗೋಳ ಪಾಠ ಶಾಲೆಯಲ್ಲಿ ನಡೆಯುವಂತೆಯೇ ಇಲ್ಲ, ಅದು ಮನೆಯಂಗಳದ್ದೇ.

ಗೂಟ ನೆಟ್ಟಗಿದೆಯೇ ಎಂದು ನೋಡಲು ಗೌಂಡಿಯ ತೂಗುಗುಂಡು ಬೇಕು. ಇಲ್ಲದಿದ್ದರೆ ದಾರಕ್ಕೆ ಕಲ್ಲು ಕಟ್ಟಿದರೂ ನಡೆಯುತ್ತದೆ. ಹನ್ನೆರಡು ಗಂಟೆಗೆ ಎಲ್ಲರೂ ಅಂಗಳಕ್ಕೆ ಬಂದು ನಿಂತರೆ ನೆರಳು ಇನ್ನೂ ಪಶ್ಚಿಮಕ್ಕೆ ಚಾಚಿಕೊಂಡೇ ಇರುತ್ತದೆ. ಗಡಿಯಾರ ತಪ್ಪೇ? ಅಲ್ಲ. ಭಾರತದ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಸೂರ್ಯನಿಗೆ, ರೋಣ ಇರುವುದು ಅದಕ್ಕಿಂತ ಸುಮಾರು 6.75 ಡಿಗ್ರಿ ಪಶ್ಚಿಮಕ್ಕೆ. ಡಿಗ್ರಿಗೆ ನಾಲ್ಕು ನಿಮಿಷದಂತೆ 27 ನಿಮಿಷ ತಡ. ಮೇ ಮೊದಲ ವಾರದಲ್ಲಿ ಇನ್ನೊಂದು ಸಣ್ಣ ತಿದ್ದುಪಡಿ ಸೇರಿ ರೋಣದ ನಿಜವಾದ ನಡುಹಗಲು 12 ಗಂಟೆ 24 ನಿಮಿಷಕ್ಕೆ ಬರುತ್ತದೆ. ಗಜೇಂದ್ರಗಡದಲ್ಲಿ ಅದಕ್ಕಿಂತ ಸುಮಾರು ಒಂದು ನಿಮಿಷ ಮೊದಲು, ನರಗುಂದದಲ್ಲಿ ಸುಮಾರು ಒಂದೂವರೆ ನಿಮಿಷ ನಂತರ. ವರ್ಷವಿಡೀ ನೋಡುತ್ತಾ ಹೋದರೆ ರೋಣದ ನಡುಹಗಲು ನವೆಂಬರ್ ಮೊದಲಲ್ಲಿ 12.11ರ ಹತ್ತಿರ, ಫೆಬ್ರುವರಿಯಲ್ಲಿ 12.41ರ ಹತ್ತಿರ ಓಡಾಡುತ್ತದೆ. ಭೂಮಿಯ ಓಟ ವರ್ಷವಿಡೀ ಒಂದೇ ಸಮನಿಲ್ಲ, ಅದರ ಅಕ್ಷವೂ ಓರೆ. ಈ ಎರಡೂ ಸಂಗತಿಗಳು ಅಂಗಳದ ಗೂಟದ ನೆರಳಿನಲ್ಲಿ ಸಿಕ್ಕಿಬೀಳುತ್ತವೆ.

ನಡುಹಗಲು ಹಿಡಿಯಲು ಗಡಿಯಾರವನ್ನೇ ನಂಬಬೇಕಿಲ್ಲ. ಗೂಟದ ಸುತ್ತ ಒಂದು ವೃತ್ತ ಎಳೆದು, ಬೆಳಿಗ್ಗೆ ನೆರಳಿನ ತುದಿ ವೃತ್ತದೊಳಗೆ ಬರುವ ಜಾಗಕ್ಕೊಂದು, ಮಧ್ಯಾಹ್ನ ಹೊರಬೀಳುವ ಜಾಗಕ್ಕೊಂದು ಗುರುತು ಹಾಕಿ ಎರಡನ್ನೂ ಸೇರಿಸಿದರೆ ಸಿಗುವುದು ಪೂರ್ವ-ಪಶ್ಚಿಮ ರೇಖೆ. ಗೂಟದಿಂದ ಅದಕ್ಕೆ ಲಂಬವಾಗಿ ಎಳೆದ ಗೆರೆಯ ಮೇಲೆ ನೆರಳು ಬಿದ್ದಾಗ ನಡುಹಗಲು. ಶುಲ್ಬಸೂತ್ರಗಳ ಕಾಲದಿಂದ ಬಂದ ಶಂಕುವಿನ ವಿಧಾನ ಇದು. ಗುಡಿಗಳ ದಿಕ್ಕು ಕಟ್ಟಿದ್ದು ಹೀಗೆಯೇ. ಊರ ಗುಡಿ ನಿಜಕ್ಕೂ ಪೂರ್ವಕ್ಕೆ ಮುಖ ಮಾಡಿದೆಯೇ ಎಂದು ಈ ರೇಖೆಯಿಂದ ಪರೀಕ್ಷಿಸಬಹುದು. ರೋಣದ ಹತ್ತಿರದ ಸೂಡಿಯ ಜೋಡುಕಳಸದ ಗುಡಿ ನೋಡಲು ಹೋಗುವ ಶಾಲಾ ಪ್ರವಾಸಗಳು ಫೋಟೊ ತೆಗೆದುಕೊಂಡು ಮರಳುವ ಬದಲು ಒಂದು ಗೂಟ ಒಯ್ದರೆ ಇತಿಹಾಸದ ಜೊತೆ ಜ್ಯಾಮಿತಿಯೂ ಆದೀತು.

ಇನ್ನೂ ಮುಂದೆ ಹೋಗಿ ನಮ್ಮ ನೆರಳನ್ನು ಬೇರೆ ಊರಿನ ನೆರಳಿಗೆ ಹೋಲಿಸಬಹುದು. ಈ ಭಾಗದ ಸಾಕಷ್ಟು ಮನೆಗಳಿಂದ ಯಾರಾದರೂ ದುಡಿಯಲು ಗೋವಾಕ್ಕೋ ಮಂಗಳೂರಿಗೋ ಬೆಂಗಳೂರಿಗೋ ಹೋಗಿರುತ್ತಾರೆ. ಗೋವಾ ಈ ಪ್ರಯೋಗಕ್ಕೆ ಬಾರದು, ಅದು ನಮ್ಮ ಅಡ್ಡಗೆರೆಯ ಹತ್ತಿರವೇ ಇದೆ. ಮಂಗಳೂರಿನಲ್ಲಿರುವ ಕಾಕಾನಿಗೆ ಫೋನು ಹಚ್ಚಬೇಕು. “ಕಾಕಾ, ನಾಳೆ ಊಟದ ಹೊತ್ತಿಗೆ ಒಂದು ಮೀಟರಿನ ಸರಳು ನೆಟ್ಟಗ ನಿಲ್ಲಿಸಿ, ಎಲ್ಲಕ್ಕಿಂತ ಗಿಡ್ಡ ನೆರಳು ಎಷ್ಟು ಬಂತು ಅಂತ ಹೇಳ್ರಿ.” ಕಟ್ಟಡದ ಕೆಲಸದ ಜಾಗದಲ್ಲಿ ಸರಳಿಗೂ ಟೇಪಿಗೂ ಬರವಿಲ್ಲ. ಮಾರ್ಚ್ 21ರ ಸುಮಾರಿಗೆ ರೋಣದಲ್ಲಿ ಒಂದು ಮೀಟರ್ ಸರಳಿನ ನಡುಹಗಲಿನ ನೆರಳು ಸುಮಾರು 28 ಸೆಂಟಿಮೀಟರ್, ಮಂಗಳೂರಿನಲ್ಲಿ ಸುಮಾರು 23. ಕೋನಕ್ಕೆ ತಿರುಗಿಸಿದರೆ ಎರಡೂ ಊರಿಗೆ 2.8 ಡಿಗ್ರಿಯಷ್ಟು ಅಂತರ. ನಕ್ಷೆಯಲ್ಲಿ ಉತ್ತರ-ದಕ್ಷಿಣವಾಗಿ ಮಾತ್ರ ಅಳೆದರೆ ಇವುಗಳ ನಡುವೆ ಸುಮಾರು 313 ಕಿಲೋಮೀಟರ್. 2.8 ಡಿಗ್ರಿಗೆ ಇಷ್ಟಾದರೆ 360 ಡಿಗ್ರಿಗೆ ಎಷ್ಟು? ನಲವತ್ತು ಸಾವಿರ ಕಿಲೋಮೀಟರ್ ಆಸುಪಾಸು, ಅಂದರೆ ಭೂಮಿಯ ಸುತ್ತಳತೆ. ಎರಡು ಸಾವಿರ ವರ್ಷಕ್ಕೂ ಹಿಂದೆ ಈಜಿಪ್ಟಿನಲ್ಲಿ ಎರಟೋಸ್ಥೆನಿಸ್ ಎರಡು ಊರುಗಳ ನೆರಳಿನ ವ್ಯತ್ಯಾಸದಿಂದ ತೆಗೆದ ಲೆಕ್ಕವೇ ಇದು. ಅವನಿಗೆ ಫೋನು ಹಚ್ಚಲು ಕಾಕಾ ಇರಲಿಲ್ಲ.

ಆದರೆ ಮೊದಲ ಸಲ ಮಾಡಿದ ಮಗುವಿಗೆ ನಲವತ್ತು ಸಾವಿರ ಬರುವುದಿಲ್ಲ. ಮೂವತ್ತನಾಲ್ಕು ಸಾವಿರ ಬಂದೀತು, ನಲವತ್ತೆಂಟು ಸಾವಿರವೂ ಬಂದೀತು. ಪಾಠ ಶುರುವಾಗುವುದು ಅಲ್ಲಿಂದ. ನೆರಳಿನ ತುದಿ ಚೂಪಾಗಿಲ್ಲ, ಮಬ್ಬಾಗಿದೆ. ಎಲ್ಲಿ ಮುಗಿಯಿತೆಂದು ಹೇಳಲಾಗದು. ಒಂದು ಮೀಟರಿನ ಗೂಟಕ್ಕೆ ಆ ಮಬ್ಬು ಸುಮಾರು ಒಂದು ಸೆಂಟಿಮೀಟರ್. ಆ ಒಂದು ಸೆಂಟಿಮೀಟರ್ ತಪ್ಪಿದರೆ ಅರ್ಧ ಡಿಗ್ರಿ ತಪ್ಪುತ್ತದೆ, 2.8 ಡಿಗ್ರಿಯಲ್ಲಿ ಅರ್ಧ ಡಿಗ್ರಿ ಎಂದರೆ ಐದರಲ್ಲೊಂದು ಪಾಲು. ಮಬ್ಬೇಕೆ? ಸೂರ್ಯ ಚುಕ್ಕೆಯಲ್ಲ, ಅರ್ಧ ಡಿಗ್ರಿ ಅಗಲದ ಬಿಲ್ಲೆ. ಪತ್ರಾಸಿನ ತೂತಿನಲ್ಲಿ ನೂರು ಸೆಂಟಿಮೀಟರಿಗೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಅಗಲ ಕೊಟ್ಟದ್ದೂ, ಇಲ್ಲಿ ನೆರಳಿನ ತುದಿ ಕೆಡಿಸಿದ್ದೂ ಒಂದೇ ಸಂಗತಿ. ಸರಿಯುತ್ತರ ಬಂದರೆ ಮಗು ಪುಸ್ತಕ ಮುಚ್ಚುತ್ತದೆ. ತಪ್ಪು ಉತ್ತರಕ್ಕೆ ಕಾರಣ ಹುಡುಕಿ ಇಲ್ಲಿಗೆ ಬಂದು ಮುಟ್ಟಿದ ಮಗು ಬೆಳಕಿನ ಅಧ್ಯಾಯವನ್ನು ತಾನೇ ಬರೆದಂತಾಗುತ್ತದೆ. ಗೂಟವನ್ನು ಉದ್ದ ಮಾಡಿದರೆ ಮಬ್ಬು ಕಡಿಮೆಯಾಗುತ್ತದೆಯೇ ಎಂಬುದನ್ನು ಓದುಗರಿಗೇ ಬಿಡುತ್ತೇನೆ. ಉತ್ತರ ಅಂದುಕೊಂಡಷ್ಟು ಸುಲಭವಲ್ಲ.

ಕಿಟ್‌ಗಳ ಬಗ್ಗೆ ಒಂದು ಮಾತು. ಅಕ್ಷರ ಫೌಂಡೇಶನ್ ಸರ್ಕಾರದ ಜೊತೆ ನಡೆಸಿದ ‘ಗಣಿತ ಕಲಿಕಾ ಆಂದೋಲನ’ದಿಂದ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆ ಮಣಿಚೌಕಟ್ಟು, ಹತ್ತರ ಕಡ್ಡಿ, ಭಿನ್ನರಾಶಿ ಪಟ್ಟಿಗಳ ಪೆಟ್ಟಿಗೆ ಬಂದಿದೆ, ಗ್ರಾಮ ಪಂಚಾಯಿತಿ ಮಟ್ಟದ ಗಣಿತ ಸ್ಪರ್ಧೆಗಳಲ್ಲಿ ಊರವರು ಬಂದು ಕೂತು ನೋಡುವುದು ಒಳ್ಳೆಯ ಬೆಳವಣಿಗೆ. ಕೇಂದ್ರದ ಅಟಲ್ ಟಿಂಕರಿಂಗ್ ಲ್ಯಾಬ್‌ಗಳು 2016ರಿಂದ ಆರಿಂದ ಹನ್ನೆರಡನೆಯ ತರಗತಿಯವರಿಗೆ ಸೆನ್ಸರ್, ಮೋಟಾರು, ತ್ರೀಡಿ ಪ್ರಿಂಟರ್ ತಂದಿವೆ. ಆದರೆ ಪೆಟ್ಟಿಗೆ ದುಬಾರಿಯಾದಷ್ಟೂ ಬೀರುವಿನ ಬೀಗ ಗಟ್ಟಿಯಾಗುತ್ತದೆ. ಕಳೆದರೆ ಯಾರು ಜವಾಬ್ದಾರಿ ಎಂಬ ಭಯ ಪ್ರಯೋಗಕ್ಕಿಂತ ದೊಡ್ಡದು. ಮನೆಯ ಸೇರಿಗೆ ಆ ಭಯವಿಲ್ಲ.

ಕಾನ್ಪುರದ ಐಐಟಿಯಲ್ಲಿ ಓದಿ ಟೆಲ್ಕೊದಲ್ಲಿದ್ದ ಅರವಿಂದ ಗುಪ್ತಾ 1978ರಲ್ಲಿ ಒಂದು ವರ್ಷದ ರಜೆ ಹಾಕಿ ಮಧ್ಯಪ್ರದೇಶದ ಹೋಶಂಗಾಬಾದ್ ವಿಜ್ಞಾನ ಶಿಕ್ಷಣ ಕಾರ್ಯಕ್ರಮಕ್ಕೆ ಹೋದದ್ದು ಇದೇ ಕಾರಣಕ್ಕೆ ಮುಖ್ಯ. ಅಲ್ಲಿ ಅವರಿಗೆ ಸಿಕ್ಕ ಉಪಕರಣ ಸೈಕಲ್ಲಿನ ವಾಲ್‌ಟ್ಯೂಬ್ ಮತ್ತು ಬೆಂಕಿಕಡ್ಡಿ. ಟ್ಯೂಬಿನ ತುಂಡನ್ನು ಕೀಲಾಗಿಸಿ ನಾಲ್ಕು ಕಡ್ಡಿಯ ಚೌಕ ಮಾಡಿದರೆ ಅದು ಒತ್ತಿದ ಕಡೆ ವಾಲುತ್ತದೆ, ಮೂರು ಕಡ್ಡಿಯ ತ್ರಿಕೋನ ಜಗ್ಗುವುದಿಲ್ಲ. ಗೋದಾಮಿನ ಛಾವಣಿಯಲ್ಲಿ ಕಬ್ಬಿಣದ ತ್ರಿಕೋನಗಳೇ ಏಕಿವೆ ಎಂಬುದಕ್ಕೆ ಇದಕ್ಕಿಂತ ಅಗ್ಗದ ಉತ್ತರವಿಲ್ಲ.

ಈಗ ಸೇರಿಗೆ ಬರೋಣ. ಹಳೆಯ ಮನೆಗಳಲ್ಲಿ ಕಾಳು ಅಳೆಯುವ ಪಾವು, ಅಚ್ಚೇರು, ಸೇರು ಇನ್ನೂ ಇವೆ. ಅಮ್ಮ ಅಳೆಯುತ್ತಾಳೆ, ಅಂಗಡಿಯವನು ತೂಗುತ್ತಾನೆ. ಒಂದು ಸೇರು ಜೋಳ, ಒಂದು ಸೇರು ಕಡಲೆ, ಒಂದು ಸೇರು ಸಿಪ್ಪೆ ಶೇಂಗಾ ಅಳೆದು ತೂಗಿ ಬರೆದರೆ ಸಾಂದ್ರತೆಯ ಪಾಠ ಮುಗಿಯಿತು; ಶೇಂಗಾ ಎಷ್ಟು ಹಗುರ ಬಂತೆಂದು ನೋಡಿದವರಿಗೆ ಅದರ ಸಿಪ್ಪೆಯೊಳಗಿನ ಗಾಳಿ ಕಾಣುತ್ತದೆ. ಅದಕ್ಕಿಂತ ಸೊಗಸಾದದ್ದು ಇನ್ನೊಂದಿದೆ. ಒಂದು ಸೇರು ಕಡಲೆಗೆ ಒಂದು ಸೇರು ಸಾಸಿವೆ ಬೆರೆಸಿ ಮತ್ತೆ ಅಳೆದರೆ ಎರಡು ಸೇರು ಬರುವುದಿಲ್ಲ. ತೂಕ ಕೂಡುತ್ತದೆ, ಅಳತೆ ಕೂಡುವುದಿಲ್ಲ. ಕಡಲೆಕಾಳುಗಳ ಸಂದಿಯಲ್ಲಿ ಎಷ್ಟು ಜಾಗವಿತ್ತೆಂದು ತಿಳಿಯಲು ಒಂದು ಸೇರು ಕಡಲೆಗೆ ಮೇಲ್ತುದಿಯವರೆಗೆ ನೀರು ಸುರಿದು, ಸುರಿದ ನೀರನ್ನು ಅಳೆಯಬೇಕು. ಬೇಗ ಅಳೆಯಬೇಕು, ಕಾಳು ನೀರು ಕುಡಿಯುವ ಮೊದಲೇ. ಹನ್ನೆರಡನೆಯ ಶತಮಾನದಲ್ಲಿ ಕನ್ನಡದಲ್ಲೇ ಗಣಿತ ಬರೆದ ರಾಜಾದಿತ್ಯ ತನ್ನ ಗ್ರಂಥಕ್ಕೆ ‘ವ್ಯವಹಾರಗಣಿತ’ ಎಂದು ಹೆಸರಿಟ್ಟ. ಗಣಿತ ಅಂಗಡಿಯಿಂದಲೂ ಕಣದಿಂದಲೂ ಶುರುವಾಗಬೇಕೆಂಬುದು ನಮ್ಮಲ್ಲಿ ಹೊಸ ಮಾತೇನಲ್ಲ.

ಓದು ಬಾರದ ತಂದೆತಾಯಿ ಮಕ್ಕಳಿಗೆ ಮನೆಯಲ್ಲಿ ಏನು ಕಲಿಸಿಯಾರು ಎಂಬ ಪ್ರಶ್ನೆಯನ್ನು ಅಧಿಕಾರಿಗಳೂ ಕೇಳುತ್ತಾರೆ, ತಂದೆತಾಯಿಯೂ ಕೇಳಿಕೊಳ್ಳುತ್ತಾರೆ. ಸೂತ್ರ ಕಲಿಸಲಾರರು, ನಿಜ. ಆದರೆ ಮಣ್ಣಿನ ವಿಷಯದಲ್ಲಿ ರೋಣದ ರೈತನಿಗೆ ಗೊತ್ತಿರುವುದು ಹೈಸ್ಕೂಲಿನ ಪುಸ್ತಕದಲ್ಲಿಲ್ಲ. ಕಪ್ಪು ಎರಿ ಯಾವುದು, ಕೆಂಪು ಮಸಾರಿ ಯಾವುದು, ಸವಳು ಎಲ್ಲಿ ಏರಿದೆ, ಯಾವ ಹದಕ್ಕೆ ಕುಂಟೆ ಹೊಡೆಯಬೇಕು ಎಂಬುದು ಕಾಲಿಗೇ ಗೊತ್ತಾಗುವ ಜ್ಞಾನ. ಮಗು ಅದಕ್ಕೆ ಸಂಖ್ಯೆ ಸೇರಿಸಬೇಕು, ಅಷ್ಟೇ.

ಎರಿ ಮಣ್ಣನ್ನು ಪುಡಿ ಮಾಡಿ, ಕಲ್ಲು ಕಸ ತೆಗೆದು, ಅಂಟುವಷ್ಟು ನೀರು ಹಾಕಿ ನಾದಿ, 10 ಸೆಂಟಿಮೀಟರ್ ಉದ್ದದ ಪಟ್ಟಿ ಮಾಡಿ ನೆರಳಲ್ಲಿ ಒಣಗಿಸಬೇಕು. ಒಣಗಿದ ಮೇಲೆ ಒಂದು, ಒಂದೂವರೆ ಸೆಂಟಿಮೀಟರ್ ಕಾಣೆಯಾಗಿರುತ್ತದೆ. ಕೆಲವು ಮಣ್ಣಿನಲ್ಲಿ ಇನ್ನೂ ಹೆಚ್ಚು. ಮಸಾರಿಯ ಪಟ್ಟಿ ಇಷ್ಟು ಕುಗ್ಗುವುದಿಲ್ಲ. ಎರಿಯ ಜೇಡಿ ಕಣಗಳು ಹಾಳೆಯ ಮೇಲೆ ಹಾಳೆ ಜೋಡಿಸಿದಂಥ ರಚನೆಯವು. ಹಾಳೆಗಳ ನಡುವೆ ನೀರು ಹೊಕ್ಕರೆ ಉಬ್ಬುತ್ತವೆ, ಹೋದರೆ ಕುಗ್ಗುತ್ತವೆ. ಏಪ್ರಿಲ್‌ನಲ್ಲಿ ಕೈ ಇಳಿಯುವಷ್ಟು ಹೊಲ ಬಿರಿಯುವುದು, ಮಳೆ ಬಿದ್ದ ಮೇಲೆ ಮನೆಯ ಗೋಡೆ ಸೀಳುವುದು, ಡಾಂಬರು ಹಾಕಿದ ರಸ್ತೆ ಅಲೆಯಲೆಯಾಗುವುದು ಎಲ್ಲಕ್ಕೂ ಮೂಲ ಇದೇ. ಇದೇ ಮಣ್ಣಿಗೆ ಇಪ್ಪತ್ತರಲ್ಲೊಂದು ಪಾಲು ಅರಳಿದ ಸುಣ್ಣ ಬೆರೆಸಿ ಇನ್ನೊಂದು ಪಟ್ಟಿ ಮಾಡಿ ಕೆಲವು ದಿನ ಬಿಟ್ಟು ಹೋಲಿಸಬೇಕು. ಕುಗ್ಗುವಿಕೆ ಕಡಿಮೆಯಾಗುತ್ತದೆ. ಕಪ್ಪುಮಣ್ಣಿನ ಮೇಲೆ ರಸ್ತೆ ಮಾಡುವಾಗ ಎಂಜಿನಿಯರುಗಳು ಬಳಸುವ ಉಪಾಯವೇ ಇದು. ಸುಣ್ಣ ಬೆರೆಸುವ ಕೆಲಸ ದೊಡ್ಡವರದಾಗಲಿ. ಅದು ಕಣ್ಣಿಗೆ ಬಿದ್ದರೆ ಅಪಾಯ.

ಮಲಪ್ರಭೆಯ ಕಾಲುವೆ ಹರಿದ ನರಗುಂದದ ಕಡೆ ಸವಳಿನ ಮಾತು ಕೇಳದ ಮನೆ ಕಡಿಮೆ. ಒಂದು ಲೋಟ ಮಣ್ಣಿಗೆ ಎರಡು ಲೋಟ ಮಳೆನೀರು ಹಾಕಿ ಕಲಕಿ, ರಾತ್ರಿಯಿಡೀ ಬಿಟ್ಟು, ತಿಳಿಯನ್ನು ಬಟ್ಟೆಯಲ್ಲಿ ಸೋಸಿ ಸ್ಟೀಲಿನ ತಟ್ಟೆಯಲ್ಲಿ ಬಿಸಿಲಿಗಿಟ್ಟರೆ ತಳದಲ್ಲಿ ಬಿಳಿ ಕಲೆ ಉಳಿಯುತ್ತದೆ. ಕಾಲುವೆಯ ಬದಿಯ ಹೊಲ, ದಿಬ್ಬದ ಹೊಲ ಎರಡರ ತಟ್ಟೆಯನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಬೋರಿನ ನೀರು ಹಾಕಿದರೆ ಪ್ರಯೋಗ ಕೆಟ್ಟಂತೆ, ಅದರಲ್ಲೇ ಉಪ್ಪಿರುತ್ತದೆ. ಮಳೆನೀರನ್ನೇ ಏಕೆ ಹಾಕಬೇಕು ಎಂದು ಮಗು ತಾನಾಗಿ ಕೇಳಿದರೆ, ಹೋಲಿಕೆಯ ಪ್ರಯೋಗದಲ್ಲಿ ಒಂದನ್ನು ಬಿಟ್ಟು ಮಿಕ್ಕದ್ದೆಲ್ಲ ಸಮವಿರಬೇಕೆಂಬ ನಿಯಮ ಅದಕ್ಕೆ ಹೊಳೆದಿದೆ ಎಂದೇ ಅರ್ಥ.

ಗಜೇಂದ್ರಗಡದಲ್ಲಿ ಬೇರೆಯದೇ ಪ್ರಯೋಗಶಾಲೆ ಇದೆ. ಪಟ್ಟೇದ ಅಂಚಿನ ಸೀರೆಯ ಊರಿದು. ನೂಲಿನ ನಂಬರು ನೇಕಾರರ ಮನೆಯ ಮಕ್ಕಳ ಬಾಯಲ್ಲಿರುತ್ತದೆ, ಆದರೆ ಅದು ಏನೆಂದು ಕೇಳಿದರೆ ತೆಳು ನೂಲಿಗೆ ದೊಡ್ಡ ನಂಬರು ಎಂಬಷ್ಟಕ್ಕೇ ಉತ್ತರ ನಿಲ್ಲುತ್ತದೆ. 840 ಗಜದ ಎಷ್ಟು ಲಡಿ ಸೇರಿದರೆ ಒಂದು ಪೌಂಡ್ ತೂಗುತ್ತದೋ ಅದೇ ನಂಬರು. ನಲವತ್ತರ ನೂಲೆಂದರೆ ಒಂದು ಪೌಂಡಿಗೆ 33,600 ಗಜ. ನಮ್ಮ ಲೆಕ್ಕಕ್ಕೆ ಒಂದು ಗ್ರಾಮಿಗೆ ಸುಮಾರು 68 ಮೀಟರ್. ರಟ್ಟಿಗೆ ದಾರ ಸುತ್ತಿ, ಸುತ್ತು ಎಣಿಸಿ, ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿದರೆ ಅಂಗಡಿಯವನು ಹೇಳಿದ ನಂಬರು ನಿಜವೋ ಅಲ್ಲವೋ ಗೊತ್ತಾಗುತ್ತದೆ. ಹಾಸಿನ ಎಳೆಗಳಲ್ಲಿ ಯಾವುದು ಮೇಲೆ, ಯಾವುದು ಕೆಳಗೆ ಎಂದು ಚೌಕಳಿ ಹಾಳೆಯಲ್ಲಿ ಒಂದು, ಸೊನ್ನೆ ಬರೆಯುತ್ತಾ ಹೋದರೆ ಅದು ಕಂಪ್ಯೂಟರಿನ ಭಾಷೆ. ಜಕಾರ್ಡ್ ಮಗ್ಗದ ತೂತಿನ ಕಾರ್ಡುಗಳನ್ನು ನೋಡಿಯೇ ಚಾರ್ಲ್ಸ್ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರಕ್ಕೆ ಕಾರ್ಡು ಕಲ್ಪಿಸಿದ.

ಗಜೇಂದ್ರಗಡದ ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ನೋಡಿದವರು ನಿಧಾನ ತಿರುಗುತ್ತವೆ ಎನ್ನುತ್ತಾರೆ. ಒಂದು ನಿಮಿಷಕ್ಕೆ ಎಷ್ಟು ಸುತ್ತು ಎಂದು ಎಣಿಸಿ ನೋಡಲಿ. ರೆಕ್ಕೆ 40 ಮೀಟರ್ ಉದ್ದ ಎಂದಿಟ್ಟುಕೊಂಡು ನಿಮಿಷಕ್ಕೆ 15 ಸುತ್ತು ಬಂದರೆ ತುದಿಯ ವೇಗ ಗಂಟೆಗೆ 226 ಕಿಲೋಮೀಟರ್.

ನಾಗರಪಂಚಮಿಗೆ ಮರಕ್ಕೆ ಜೋಕಾಲಿ ಕಟ್ಟುವ ನಾಡಿದು. ಹತ್ತು ತೂಗಿಗೆ ಎಷ್ಟು ಸೆಕೆಂಡು ಎಂದು ಫೋನಿನ ಸ್ಟಾಪ್‌ವಾಚಿನಲ್ಲಿ ನೋಡಿ ಹತ್ತರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ ನಾಲ್ಕರಿಂದ ಭಾಗಿಸಿದರೆ ಹಗ್ಗದ ಉದ್ದ ಹೆಚ್ಚುಕಡಿಮೆ ಮೀಟರಿನಲ್ಲಿ ಸಿಗುತ್ತದೆ. ಒಂದು ತೂಗಿಗೆ ಐದು ಸೆಕೆಂಡು ಹಿಡಿದರೆ ಆರು ಮೀಟರ್ ಚಿಲ್ಲರೆಯ ಜೋಕಾಲಿ. ಮಾವ ಕೂತರೂ ಮೊಮ್ಮಗಳು ಕೂತರೂ ಹೊತ್ತು ಅಷ್ಟೇ ಎಂಬುದನ್ನು ಯಾರೂ ನಂಬುವುದಿಲ್ಲ, ಆದ್ದರಿಂದ ಪಂದ್ಯ ಕಟ್ಟಬಹುದು. ನಿಂತು ಜೀಕಿದರೆ ಲೆಕ್ಕ ಬದಲಾಗುತ್ತದೆ, ತೀರ ಎತ್ತರಕ್ಕೆ ಜೀಕಿದರೂ ಬದಲಾಗುತ್ತದೆ. ಉಂಡಿ ತಿನ್ನುತ್ತಾ ಮಾಡುವ ಭೌತಶಾಸ್ತ್ರ ಇದು.

ಇದೆಲ್ಲಕ್ಕೂ ಒಂದು ನೋಟುಬುಕ್ಕು ಬೇಕು, ಅದರಲ್ಲಿ ತಾರೀಖು, ಹೊತ್ತು, ಅಳತೆ, ಯಾರು ಅಳೆದರು ಎಂಬುದಿರಬೇಕು. ಅಂದವಾಗಿ ಪ್ರತಿ ತೆಗೆಯಬಾರದು. ಪ್ರತಿ ತೆಗೆಯುವಾಗ ಮಕ್ಕಳು ಸಂಖ್ಯೆ ತಿದ್ದುತ್ತಾರೆ, ದೊಡ್ಡವರು ತಿದ್ದಿಸುತ್ತಾರೆ. ಮಳೆಯ ಲೆಕ್ಕಕ್ಕೆ ನೇರ ಗೋಡೆಯ ಡಬ್ಬಿ ಸಾಕು. ಒಂದು ಮಿಲಿಮೀಟರ್ ಮಳೆಯೆಂದರೆ ಒಂದು ಚದರ ಮೀಟರಿಗೆ ಒಂದು ಲೀಟರ್, ಒಂದು ಎಕರೆಗೆ ನಾಲ್ಕು ಸಾವಿರ ಲೀಟರಿಗೂ ಹೆಚ್ಚು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಇದೆ. ಅದರ ಅಂಕಿಗೂ ಮನೆಯ ಡಬ್ಬಿಗೂ ತಾಳೆ ಬೀಳದ ದಿನಗಳನ್ನು ಕೆಂಪು ಶಾಯಿಯಲ್ಲಿ ಗುರುತು ಹಾಕಬೇಕು. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ನಮ್ಮಲ್ಲಿ ನಡೆಸಿಕೊಂಡು ಬಂದ ಮಕ್ಕಳ ವಿಜ್ಞಾನ ಸಮಾವೇಶ ಕೇಳುವುದು ಇಂಥ ಸ್ಥಳೀಯ ಅಂಕಿಗಳನ್ನೇ. ಪಂಚಾಯಿತಿಯ ಅರಿವು ಕೇಂದ್ರದ ಗೋಡೆಯ ಮೇಲೆ ತಿಂಗಳ ಮಳೆಪಟ್ಟಿ ಅಂಟಿಸಲು ಯಾವ ಅನುದಾನವೂ ಬೇಕಿಲ್ಲ.

ಬೆಳೆವಿಮೆಯ ಹಣ ಏಕೆ ಬಂತು, ಏಕೆ ಬರಲಿಲ್ಲ ಎಂಬ ಚರ್ಚೆ ಪ್ರತಿ ವರ್ಷ ಕಟ್ಟೆಯ ಮೇಲೆ ನಡೆಯುತ್ತದೆ. ಅದನ್ನು ನಿರ್ಧರಿಸುವುದು ಕೂಡ ಒಂದು ಪ್ರಯೋಗವೇ. ಲಾಟರಿಯಂತೆ ಆಯ್ದ ಹೊಲಗಳಲ್ಲಿ ಒಂದು ಚೌಕ ಗುರುತಿಸಿ, ಹಲವು ಬೆಳೆಗಳಿಗೆ ಅದು 5 ಮೀಟರಿಗೆ 5 ಮೀಟರ್, ಅಷ್ಟರ ಬೆಳೆ ಕೊಯ್ದು, ಬಡಿದು, ತೂಗಿ, 400ರಿಂದ ಗುಣಿಸಿ ಹೆಕ್ಟೇರಿನ ಇಳುವರಿ ತೆಗೆಯುತ್ತಾರೆ. ಬೆಳೆ ಕಟಾವು ಪ್ರಯೋಗ ಎಂಬ ಹೆಸರನ್ನು ಎಲ್ಲರೂ ಕೇಳಿದ್ದಾರೆ. ಅದು ಹೇಗೆ ನಡೆಯುತ್ತದೆಂದು ಮನೆಯಲ್ಲಿ ಮಾಡಿ ನೋಡಿದವರು ಕಡಿಮೆ.

ನಾಲ್ಕು ಕೋಲು ಕಟ್ಟಿ ಒಂದು ಮೀಟರ್ ಚೌಕಟ್ಟು ಮಾಡಿಕೊಂಡರೆ ಹೈಸ್ಕೂಲಿನ ಮಗು ತನ್ನದೇ ಹೊಲದಲ್ಲಿ ಇದನ್ನು ಮಾಡಬಹುದು. ಚೌಕಟ್ಟಿನಲ್ಲಿ 80 ಗ್ರಾಂ ಹೆಸರು ಸಿಕ್ಕರೆ ಎಕರೆಗೆ ಮೂರು ಕ್ವಿಂಟಲ್ ಇಪ್ಪತ್ತು ಕಿಲೋ ಚಿಲ್ಲರೆ. ಬೆಳೆ ಚೆನ್ನಾಗಿದ್ದಲ್ಲೇ ಚೌಕಟ್ಟು ಇಡಲು ಕೈ ಹೋಗುತ್ತದೆ, ಆಗ ಲೆಕ್ಕ ಉಬ್ಬುತ್ತದೆ. ಹಾಗಾಗದಂತೆ ಚೀಟಿ ಎತ್ತಿ, ಬದುವಿನಿಂದ ಇಷ್ಟು ಹೆಜ್ಜೆ ಒಳಗೆ, ಇಷ್ಟು ಹೆಜ್ಜೆ ಬಲಕ್ಕೆ ಎಂದು ಜಾಗ ಆಯ್ದುಕೊಳ್ಳಬೇಕು. ಒಂದೇ ಕಡೆ ಸಾಲದು, ಐದಾರು ಕಡೆ ಇಟ್ಟು ಸರಾಸರಿ ತೆಗೆಯಬೇಕು. ಅತಿ ಹೆಚ್ಚು, ಅತಿ ಕಡಿಮೆ ಎರಡನ್ನೂ ಬರೆಯಬೇಕು. ಆಮೇಲೆ ಅಪ್ಪ ಇಡೀ ಹೊಲದ ರಾಶಿ ತೂಗಿದಾಗ ಎರಡೂ ಅಂಕಿಗಳನ್ನು ಎದುರುಬದುರು ಇಡಬೇಕು. ಹೆಸರು ಕೊಯ್ಲಿಗೆ ಬರುವುದು ಆಗಸ್ಟ್ ಕೊನೆಯಿಂದ. ಹಿಂಗಾರಿನ ಕಡಲೆಗೂ ಅದೇ ಚೌಕಟ್ಟು ನಡೆಯುತ್ತದೆ.